ಸಾವಯವ ಕೃಷಿಯ ಲಾಭ ಮೊದಲು ಯಾರ ಮೈಗೆ?

ಅಡಿಕೆ ತೋಟ, ಪುತ್ತೂರು

ಸಾವಯವ ಆಹಾರದ ಬಗ್ಗೆ ಬರುವ ಬರಹಗಳಲ್ಲಿ ಹೆಚ್ಚಿನವು ಊಟದ ತಟ್ಟೆಯಿಂದಲೇ ಶುರುವಾಗುತ್ತವೆ. ವಿಟಮಿನ್ ಹೆಚ್ಚು, ರುಚಿ ಹೆಚ್ಚು, ರೋಗ ದೂರ ಎಂಬ ಮಾತುಗಳು ಅಲ್ಲಿ ಧಾರಾಳವಾಗಿ ಸಿಗುತ್ತವೆ. ನನ್ನ ಪ್ರಕಾರ ಈ ಲೆಕ್ಕವನ್ನು ಹೊಲದ ಕಡೆಯಿಂದ ಹಾಕಬೇಕು. ಕೀಟನಾಶಕ ಮೊದಲು ತಾಗುವುದು ಅದನ್ನು ಕಲಸುವ ಕೈಗೆ, ಪಂಪು ಹೊರುವ ಬೆನ್ನಿಗೆ, ತೋಟದ ಕೆಳಗಿನ ಬಾವಿಗೆ. ಪಂಪಿನ ಮುಚ್ಚಳ ಸೋರಿ ಅಂಗಿ ತೊಯ್ದರೂ ಕೆಲಸ ಮುಗಿಯುವ ತನಕ ಅದೇ ಅಂಗಿಯಲ್ಲಿರುವುದು, ನಾಜಲ್ ಕಟ್ಟಿಕೊಂಡರೆ ಬಿಚ್ಚಿ ಬಾಯಿಂದಲೇ ಊದುವುದು, ಖಾಲಿ ಡಬ್ಬವನ್ನು ತೋಡಿನಲ್ಲಿ ತೊಳೆಯುವುದು, ಇವೆಲ್ಲ ನಮ್ಮ ಕಡೆ ಯಾರೂ ನೋಡದ ಸಂಗತಿಗಳೇನಲ್ಲ. ಡಬ್ಬದ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳಲ್ಲಿ ಯಾವುದು ಹೆಚ್ಚು ವಿಷ ಎಂಬುದು ಸಿಂಪಡಿಸುವ ಕೂಲಿಯಾಳಿಗೆ ಗೊತ್ತಿರುವುದೇ ಅಪರೂಪ. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಸಿಂಪಡಿಸುತ್ತಿದ್ದಾಗಲೇ ನೂರಾರು ಮಂದಿ ವಿಷ ಏರಿ ಆಸ್ಪತ್ರೆ ಸೇರಿದರು, ಹಲವರು ತೀರಿಕೊಂಡರು. ಆ ಹತ್ತಿಯ ಬಟ್ಟೆ ಉಟ್ಟವರಿಗೆ ಏನೂ ಆಗಲಿಲ್ಲ.

ನಮಗೆ ಹತ್ತಿರದ ಉದಾಹರಣೆ ಎಂಡೋಸಲ್ಫಾನ್ ಎಂಬ ಕೀಟನಾಶಕ. ಕಾಸರಗೋಡಿನ ಗುಡ್ಡಗಳಲ್ಲಿದ್ದ ಸರ್ಕಾರಿ ಸ್ವಾಮ್ಯದ ಗೇರು ತೋಟಗಳಿಗೆ ಟೀ ಸೊಳ್ಳೆ ಎಂಬ ರಸ ಹೀರುವ ಕೀಟದ ಹತೋಟಿಗಾಗಿ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಅದನ್ನು ಸುರಿಯಲಾಯಿತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತಲೂ ಇದೇ ನಡೆಯಿತು. ಗೇರು ತೋಟ ಗುಡ್ಡದ ತಲೆಯಲ್ಲಿ, ಜನರ ಮನೆ ಅಡಿಯಲ್ಲಿ. ಎಣ್ಮಕಜೆ, ಪಡ್ರೆಯಂಥ ಊರುಗಳಲ್ಲಿ ಕುಡಿಯುವ ನೀರು ಬರುವುದು ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಕೊರೆದ ಸುರಂಗಗಳಿಂದ ಮತ್ತು ತೆರೆದ ತೋಡುಗಳಿಂದ. ಮೇಲೆ ಬಿದ್ದದ್ದು ಕೆಳಗೆ ಇಳಿಯದೆ ಇರಲು ಸಾಧ್ಯವಿರಲಿಲ್ಲ. ಪತ್ರಕರ್ತ ಶ್ರೀ ಪಡ್ರೆಯವರು ಬಹಳ ಮೊದಲೇ ಇದರ ಬಗ್ಗೆ ಬರೆದಿದ್ದರು. ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ಅವರು ತಮ್ಮ ರೋಗಿಗಳಲ್ಲಿ ಕಂಡ ಅಸಹಜತೆಗಳನ್ನು ದಾಖಲಿಸಿ ಇಲಾಖೆಗಳ ಗಮನಕ್ಕೆ ತಂದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಪಡ್ರೆಯ ಬಾಲಕರನ್ನು ಪರೀಕ್ಷಿಸಿ, ಅವರ ರಕ್ತದಲ್ಲಿ ಆ ರಾಸಾಯನಿಕ ಇದ್ದುದನ್ನೂ ಪ್ರೌಢಾವಸ್ಥೆಯ ಬೆಳವಣಿಗೆ ತಡವಾಗಿದ್ದುದನ್ನೂ 2003ರಲ್ಲಿ ಪ್ರಕಟಿಸಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ತಯಾರಿಕೆ ಮತ್ತು ಮಾರಾಟಕ್ಕೆ ತಡೆ ಹಾಕಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು.

ಆ ಗೇರುಬೀಜವನ್ನು ದೂರದ ಊರುಗಳಲ್ಲಿ ತಿಂದವರ ಆರೋಗ್ಯ ಕೆಟ್ಟಿತೆಂದು ಯಾರೂ ದೂರಲಿಲ್ಲ ಎಂಬುದನ್ನು ಗಮನಿಸಬೇಕು. ಸಾವಯವ ಕೃಷಿಯಿಂದ ಖಚಿತವಾದ ಆರೋಗ್ಯ ಲಾಭ ಬೆಳೆಯುವವರಿಗೆ, ಅವರ ನೆರೆಕರೆಯವರಿಗೆ. ತಿನ್ನುವವರ ಲಾಭ ಎರಡನೆಯದು. ಉಳಿದವರ ಅಭಿಪ್ರಾಯ ತಿಳಿಯುವ ಆಸೆಯಿದೆ.

ಬಸವನಗುಡಿ ಓದುಗಿ

ತಮ್ಮ ಬರಹ ಓದಿ ಸ್ವಲ್ಪ ಗೊಂದಲವಾಯಿತು, ಸರ್. ಮನೆಯಲ್ಲಿ ಚಿಕ್ಕ ಮಕ್ಕಳಿರುವುದರಿಂದ ಅಕ್ಕಿ, ಬೇಳೆ, ಸೊಪ್ಪು ಎಲ್ಲವನ್ನೂ ಹೆಚ್ಚು ಬೆಲೆ ಕೊಟ್ಟು ಸಾವಯವದ ಅಂಗಡಿಯಿಂದಲೇ ತರುತ್ತಿದ್ದೇನೆ. ತಿನ್ನುವವರಿಗೆ ಲಾಭವೇ ಇಲ್ಲ ಎಂದು ತಾವು ಹೇಳುತ್ತಿರುವಿರಾ, ಅಥವಾ ಲಾಭವಿದೆ ಆದರೆ ಕಡಿಮೆ ಎಂದೇ? ಉಪ್ಪು, ಅರಿಶಿನದ ನೀರಿನಲ್ಲಿ ತೊಳೆದರೆ ಔಷಧದ ಅಂಶ ಹೋಗುತ್ತದೆ ಎನ್ನುತ್ತಾರೆ. ಅದು ನಿಜವಾಗಿದ್ದರೆ ಇಷ್ಟು ಖರ್ಚಿನ ಅಗತ್ಯವೇ ಇಲ್ಲವಲ್ಲ.

ಮಣ್ಣು ಪರೀಕ್ಷೆ, ಧಾರವಾಡ

ಮೇಡಂ ಅವರ ಪ್ರಶ್ನೆಗೆ ಪ್ರಕಟಿತ ಅಧ್ಯಯನಗಳ ಆಧಾರದಲ್ಲಿ ಉತ್ತರಿಸುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಎರಡೂ ಪಕ್ಷದವರು ತಮಗೆ ಬೇಕಾದ ಅರ್ಧವನ್ನಷ್ಟೇ ಉಲ್ಲೇಖಿಸುತ್ತಾರೆ.

ಪೋಷಕಾಂಶದ ಬಗ್ಗೆ: 2012ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಾವಯವ ಆಹಾರ ಹೆಚ್ಚು ಪೌಷ್ಟಿಕ ಎನ್ನಲು ಬಲವಾದ ಆಧಾರ ಸಿಗಲಿಲ್ಲ, ಕೀಟನಾಶಕದ ಉಳಿಕೆ ಮಾತ್ರ ಸ್ಪಷ್ಟವಾಗಿ ಕಡಿಮೆಯಿತ್ತು. 2014ರಲ್ಲಿ ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ನೇತೃತ್ವದ ತಂಡ 343 ಪ್ರಬಂಧಗಳನ್ನು ವಿಶ್ಲೇಷಿಸಿ, ಸಾವಯವ ಬೆಳೆಗಳಲ್ಲಿ ಆಂಟಿಆಕ್ಸಿಡೆಂಟುಗಳು ಹೆಚ್ಚಿವೆ, ಕ್ಯಾಡ್ಮಿಯಂ ಕಡಿಮೆ ಇದೆ, ಕೀಟನಾಶಕದ ಉಳಿಕೆ ಕಾಣಿಸಿಕೊಳ್ಳುವ ಸಂಭವ ಸಾಮಾನ್ಯ ಬೆಳೆಗಳಲ್ಲಿ ನಾಲ್ಕು ಪಟ್ಟು ಹೆಚ್ಚು ಎಂದಿತು. ಶಿಲಾರಂಜಕದಿಂದ ತಯಾರಾಗುವ ರಸಗೊಬ್ಬರದ ಜೊತೆ ಕ್ಯಾಡ್ಮಿಯಂ ಮಣ್ಣಿಗೆ ಬರುವುದು ಹಳೆಯ ಸಂಗತಿ. ಅದು ಒಮ್ಮೆ ಬಂದರೆ ಸುಲಭವಾಗಿ ಹೋಗುವುದಿಲ್ಲ, ಮೂತ್ರಪಿಂಡಕ್ಕೆ ಒಳ್ಳೆಯದಲ್ಲ.

ಕ್ಯಾನ್ಸರ್ ಬಗ್ಗೆ ಇರುವ ಎರಡು ದೊಡ್ಡ ಅಧ್ಯಯನಗಳು ಒಂದಕ್ಕೊಂದು ಒಪ್ಪುವುದಿಲ್ಲ. ಫ್ರಾನ್ಸಿನಲ್ಲಿ ಸುಮಾರು 69 ಸಾವಿರ ಜನರನ್ನು ಗಮನಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅತಿ ಹೆಚ್ಚು ಸಾವಯವ ಆಹಾರ ತಿನ್ನುವವರಲ್ಲಿ ಕ್ಯಾನ್ಸರ್ ಶೇ. 25ರಷ್ಟು ಕಡಿಮೆ ಕಂಡುಬಂತು. ಬ್ರಿಟನ್ನಿನಲ್ಲಿ 6 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಒಳಗೊಂಡು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಟ್ಟಾರೆ ವ್ಯತ್ಯಾಸವೇ ಕಾಣಲಿಲ್ಲ. ಸಾವಯವ ಕೊಳ್ಳುವವರು ಸಾಮಾನ್ಯವಾಗಿ ಹೆಚ್ಚು ಓದಿದವರು, ತರಕಾರಿ ಹೆಚ್ಚು ತಿನ್ನುವವರು, ಧೂಮಪಾನ ಮಾಡದವರು ಆಗಿರುತ್ತಾರೆ. ಆ ಅಂಶಗಳನ್ನು ಲೆಕ್ಕದಿಂದ ಎಷ್ಟೇ ಕಳೆದರೂ ಪೂರ್ತಿ ಕಳೆಯಲಾಗದು. ಹಾಗಾಗಿ ‘ಸಾವಯವ ತಿಂದರೆ ಕ್ಯಾನ್ಸರ್ ಬಾರದು’ ಎಂದು ಬರೆದ ಫಲಕ ಅಂಗಡಿಯಲ್ಲಿದ್ದರೆ ಅದನ್ನು ನಂಬಬೇಡಿ.

ಹಾಗೆಂದು ತಮ್ಮ ಖರ್ಚು ವ್ಯರ್ಥವೆಂದೂ ಅಲ್ಲ. ಅಮೆರಿಕದ ಸಿಯಾಟಲ್ ಪ್ರದೇಶದಲ್ಲಿ 23 ಮಕ್ಕಳಿಗೆ ಐದು ದಿನ ಸಾವಯವ ಆಹಾರ ಕೊಟ್ಟು ಮೂತ್ರ ಪರೀಕ್ಷಿಸಿದಾಗ ಮೆಲಾಥಿಯಾನ್ ಮತ್ತು ಕ್ಲೋರ್‌ಪೈರಿಫಾಸ್‌ಗಳ ಕುರುಹು ತಕ್ಷಣ ಬಹುತೇಕ ಇಲ್ಲವಾಯಿತು; ಹಳೆಯ ಆಹಾರಕ್ಕೆ ಮರಳಿದಾಗ ಮತ್ತೆ ಕಾಣಿಸಿತು. 2006ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಆದರೆ ಕೀಟನಾಶಕ ಮಕ್ಕಳ ಮೈಗೆ ಆಹಾರದ ಮೂಲಕ ಹೋಗುತ್ತಿದೆ ಎಂಬುದನ್ನು ನೇರವಾಗಿ ತೋರಿಸಿತು. ಅಷ್ಟು ಅಲ್ಪ ಪ್ರಮಾಣದಿಂದ ಆಗುವ ಹಾನಿ ಎಷ್ಟು ಎಂಬುದು ಬೇರೆಯೇ ಪ್ರಶ್ನೆ.

ತೊಳೆಯುವುದರಿಂದ ಸಿಪ್ಪೆಯ ಮೇಲಿರುವುದು ಒಂದಿಷ್ಟು ಹೋಗುತ್ತದೆ. ಅದಕ್ಕೆ ಹರಿಯುವ ನೀರು ಸಾಕು. ಆದರೆ ಇಮಿಡಾಕ್ಲೋಪ್ರಿಡ್‌ನಂಥವು ಗಿಡದ ರಸದಲ್ಲೇ ಸೇರಿಕೊಳ್ಳುವುದರಿಂದ ಯಾವ ಅರಿಶಿನದ ನೀರೂ ಅದನ್ನು ತೆಗೆಯಲಾರದು. ಹಣ ಸೀಮಿತವಾಗಿದ್ದರೆ ಬೇಳೆಗಿಂತ ಮೊದಲು ದ್ರಾಕ್ಷಿ, ಹೂಕೋಸು, ಬದನೆ, ದಪ್ಪ ಮೆಣಸಿನಕಾಯಿಗಳಲ್ಲಿ ಸಾವಯವ ಆರಿಸುವುದು ಒಳ್ಳೆಯದು. ಅವುಗಳಿಗೆ ಬೀಳುವ ಸಿಂಪಡಣೆ ಹೆಚ್ಚು. ಸಾವಯವ ಸೊಪ್ಪನ್ನೂ ಚೆನ್ನಾಗಿ ತೊಳೆಯಲೇಬೇಕು. ಕೊಯ್ಲಿಗೆ ನಾಲ್ಕು ದಿನ ಮುಂಚೆ ಸಗಣಿಯ ದ್ರಾವಣ ಎರಚಿದ ಕೊತ್ತಂಬರಿಯನ್ನು ಹಸಿಯಾಗಿ ತಿನ್ನಬಾರದು. ಚೆನ್ನಾಗಿ ಕಾವು ಏರಿ ಕಳಿತ ಗೊಬ್ಬರದಲ್ಲಿ ರೋಗಾಣುಗಳು ಬಹುಮಟ್ಟಿಗೆ ಸಾಯುತ್ತವೆ, ಹಸಿ ಸಗಣಿಯಲ್ಲಿ ಸಾಯುವುದಿಲ್ಲ. ಸಾವಯವದ ಭಾಷಣಗಳಲ್ಲಿ ಈ ಮಾತು ಯಾಕೋ ಬರುವುದೇ ಇಲ್ಲ.

ಸಾಗರದ ಮೇಷ್ಟ್ರು

ಪುತ್ತೂರಿನವರು ಹೇಳಿದ್ದನ್ನು ಒಪ್ಪುತ್ತಲೇ ಒಂದು ಎಚ್ಚರಿಕೆ ಸೇರಿಸುತ್ತೇನೆ. ನಮ್ಮ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಕೀಲುಗಳು ಸವೆದು, ಸೊಂಟ ಬಿದ್ದು, ಜನ ನಡೆಯಲಾರದಂತಾದ ಕಾಯಿಲೆ ಬೆಳಕಿಗೆ ಬಂತು. ಬತ್ತದ ಗದ್ದೆಗೆ ಸಿಂಪಡಿಸಿದ ಕೀಟನಾಶಕ ಏಡಿ, ಮೀನುಗಳಲ್ಲಿ ಸೇರಿ, ಅವನ್ನು ತಿಂದ ಬಡ ಕೂಲಿಕಾರರಿಗೆ ಈ ಗತಿ ಬಂತು ಎಂಬ ಅನುಮಾನ ಆಗ ಬಲವಾಗಿತ್ತು, ಈಗಲೂ ಅನೇಕ ಲೇಖನಗಳಲ್ಲಿ ಅದನ್ನೇ ಸತ್ಯವೆಂದು ಬರೆಯುತ್ತಾರೆ. ನಂತರದ ವೈದ್ಯಕೀಯ ಅಧ್ಯಯನಗಳು ಅದನ್ನು ವಂಶವಾಹಿಯಾಗಿ ಬರುವ ಮೂಳೆ ಮತ್ತು ಕೀಲುಗಳ ಕಾಯಿಲೆ ಎಂದು ಗುರುತಿಸಿವೆ. ಕಾಯಿಲೆ ಕೆಲವೇ ಸಮುದಾಯಗಳ ಕೆಲವೇ ಕುಟುಂಬಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತಿದ್ದುದು ಅದಕ್ಕೆ ಆಧಾರ.

ಗದ್ದೆಗೆ ವಿಷ ಹಾಕುವುದು ಒಳ್ಳೆಯದು ಎಂದು ಇದರ ಅರ್ಥವಲ್ಲ. ಏಡಿ, ಕಪ್ಪೆಗಳು ಗದ್ದೆಗಳಲ್ಲಿ ಕಡಿಮೆಯಾದದ್ದನ್ನು ನಾವೇ ನೋಡಿದ್ದೇವೆ. ಆದರೆ ಹಂದಿಗೋಡನ್ನು ಸಾವಯವದ ಪ್ರಚಾರಕ್ಕೆ ಬಳಸಿದರೆ, ಆ ಕುಟುಂಬಗಳಿಗೆ ಬೇಕಾದ ಆನುವಂಶಿಕ ಸಲಹೆ, ಶಸ್ತ್ರಚಿಕಿತ್ಸೆ, ಮಾಸಾಶನಗಳ ಮಾತು ಹಿಂದೆ ಬೀಳುತ್ತದೆ. ನಾಳೆ ಯಾರಾದರೂ ಇದು ಸುಳ್ಳೆಂದು ತೋರಿಸಿದಾಗ ಪಡ್ರೆ, ಕೊಕ್ಕಡಗಳ ನಿಜವನ್ನೂ ಅದರ ಜೊತೆಗೇ ಕಸಕ್ಕೆ ಹಾಕುತ್ತಾರೆ.

ಅಚ್ಚುಕಟ್ಟು ರೈತ, ಸಿಂಧನೂರು

ಎಲ್ಲರೂ ಆರೋಗ್ಯದ ಮಾತಾಡಿದ್ದೀರಿ, ನಾನು ಗೊಬ್ಬರದ ಮಾತಾಡುತ್ತೇನೆ. ತುಂಗಭದ್ರಾ ಎಡದಂಡೆಯ ಕೆಳಗೆ ನೆಲ್ಲು ಬೆಳೆಯುವವರು ನಾವು. ಹೆಕ್ಟೇರಿಗೆ 150 ಕಿಲೊ ಸಾರಜನಕ ಶಿಫಾರಸು ಎಂದಿಟ್ಟುಕೊಂಡರೆ ಎಕರೆಗೆ 60 ಕಿಲೊ ಆಯಿತು. 45 ಕಿಲೊ ಯೂರಿಯಾ ಚೀಲದಲ್ಲಿ ಸುಮಾರು 20 ಕಿಲೊ ಸಾರಜನಕವಿದೆ, ಅದರ ಬೆಲೆ 300 ರೂಪಾಯಿಯ ಒಳಗೆ. ಅಷ್ಟೇ ಸಾರಜನಕ ತಿಪ್ಪೆಗೊಬ್ಬರದಿಂದ ಬರಬೇಕೆಂದರೆ, ಗೊಬ್ಬರದಲ್ಲಿ ಶೇ. ಅರ್ಧದಷ್ಟು ಮಾತ್ರ ಸಾರಜನಕ ಇರುವುದರಿಂದ, ನಾಲ್ಕು ಟನ್ ಬೇಕು. ಎಕರೆಗೆ 12 ಟನ್ ಆಯಿತು. ಅದೂ ಒಂದೇ ವರ್ಷದಲ್ಲಿ ಪೂರ್ತಿ ಬೆಳೆಗೆ ಸಿಗುವುದಿಲ್ಲ. ಒಂದು ಆಕಳು ದಿನಕ್ಕೆ 10 ಕಿಲೊ ಸಗಣಿ ಹಾಕಿದರೆ ವರ್ಷಕ್ಕೆ ಮೂರೂವರೆ ಟನ್ ಹಸಿ ಸಗಣಿ, ಕೊಳೆತ ಮೇಲೆ ಅದರ ಅರ್ಧವೂ ಉಳಿಯದು. ಟ್ರಾಕ್ಟರ್ ಬಂದ ಮೇಲೆ ಎತ್ತು ಹೋದವು, ಕೊಯ್ಲಿನ ಯಂತ್ರ ಬಂದ ಮೇಲೆ ಮೇವೂ ಹೋಯಿತು. ಇಷ್ಟು ಗೊಬ್ಬರವನ್ನು ನಾವು ಎಲ್ಲಿಂದ ತರಬೇಕು?

ಶ್ರೀಲಂಕಾದಲ್ಲಿ 2021ರಲ್ಲಿ ರಾತ್ರೋರಾತ್ರಿ ರಸಗೊಬ್ಬರ, ಕೀಟನಾಶಕಗಳ ಆಮದು ನಿಲ್ಲಿಸಿದರು, ಅದೇ ವರ್ಷದ ನವೆಂಬರಿನಲ್ಲಿ ಆದೇಶ ಹಿಂತೆಗೆದುಕೊಳ್ಳಬೇಕಾಯಿತು. ನೆಲ್ಲಿನ ಇಳುವರಿ ಕುಸಿದು ಅಕ್ಕಿ ಆಮದಾಯಿತು. ಸಿಕ್ಕಿಂ ಸಾವಯವವಾಯಿತು ಎನ್ನುವವರು, ಅಲ್ಲಿ 2003ರಲ್ಲಿ ಶುರುಮಾಡಿ 2016ರಲ್ಲಿ ಘೋಷಿಸಿದರು ಎಂಬುದನ್ನೂ, ಅಲ್ಲಿ ರಸಗೊಬ್ಬರದ ಬಳಕೆ ಮೊದಲೇ ಬಹಳ ಕಡಿಮೆ ಇತ್ತೆಂಬುದನ್ನೂ ಹೇಳಬೇಕು. ಔಷಧದ ವಿಷಯದಲ್ಲಿ ಮಾತ್ರ ಪುತ್ತೂರಿನ ಅಣ್ಣಾವ್ರ ಮಾತಿಗೆ ನನ್ನ ತಕರಾರಿಲ್ಲ. ನಮ್ಮಲ್ಲಿ ಹೊಡೆಯುವುದರಲ್ಲಿ ಅರ್ಧದಷ್ಟು ಹುಳು ಕಂಡು ಹೊಡೆಯುವುದಲ್ಲ, ಪಕ್ಕದ ಹೊಲದವನು ಹೊಡೆದನೆಂದು ಹೊಡೆಯುವುದು.

ಅಕ್ಕಡಿ ಸಾಲು, ತುಮಕೂರು

ಸಿಂಧನೂರಿನವರ ಲೆಕ್ಕ ಸರಿಯಾಗಿದೆ, ಆದರೆ ಅದು ನೀರಾವರಿ ನೆಲ್ಲಿನ ಲೆಕ್ಕ. ಮಳೆಯಾಶ್ರಿತ ರಾಗಿಗೆ ಎಕರೆಗೆ ಬೇಕಾದ ಸಾರಜನಕ 20 ಕಿಲೊ. ಆ 20 ಕಿಲೊವನ್ನು ನಾಲ್ಕು ಗಾಡಿ ಗೊಬ್ಬರ, ಹೊಂಗೆ ಸೊಪ್ಪು, ಬದುವಿನ ಗ್ಲಿರಿಸಿಡಿಯಾ, ಕುರಿ ಮಂದೆ ಇವುಗಳಿಂದ ಹೊಂದಿಸುವುದು ಕಷ್ಟವಲ್ಲ, ನಮ್ಮ ಹಿರಿಯರು ಹೊಂದಿಸಿಕೊಂಡೇ ಬಂದರು. ಜೊತೆಗೆ ಅಕ್ಕಡಿ ಇದೆ. ರಾಗಿಯ ಹತ್ತು ಹನ್ನೆರಡು ಸಾಲಿಗೊಂದು ಸಾಲು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳ ಬಿಡುತ್ತೇವೆ. ಅವರೆ, ತೊಗರಿಗಳ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ; ಹುಚ್ಚೆಳ್ಳು ಹೂ ಬಿಟ್ಟರೆ ಜೇನು ಬರುತ್ತದೆ; ಜೋಳದ ತೆನೆಗೆ ಬಂದ ಹಕ್ಕಿಗಳು ತೊಗರಿಯ ಹುಳುವನ್ನೂ ಹೆಕ್ಕುತ್ತವೆ. ಮಳೆ ಕೈಕೊಟ್ಟು ರಾಗಿ ಹೋದರೂ ಪುಷ್ಯ ಮಾಸಕ್ಕೆ ಅವರೆಕಾಯಿ ಸಿಗುತ್ತದೆ. ರಾಗಿಯೊಂದನ್ನೇ ತೂಗಿ ಇಳುವರಿ ಕಡಿಮೆ ಎನ್ನುವವರು ಈ ಕಾಳು, ಎಣ್ಣೆ, ಮೇವುಗಳನ್ನು ತಕ್ಕಡಿಗೆ ಹಾಕುವುದೇ ಇಲ್ಲ. ಅಕ್ಕಡಿ ಹೋಗಲು ಕಾರಣ ಕಳೆನಾಶಕ. ಅಗಲ ಎಲೆಯ ಕಳೆಯನ್ನು ಕೊಲ್ಲುವ ಔಷಧ ಅವರೆಯನ್ನೂ ಬಿಡುವುದಿಲ್ಲ.

ಇನ್ನು ಜೀವಾಮೃತ. ಒಂದು ಎಕರೆಗೆ 200 ಲೀಟರ್ ನೀರು, 10 ಕಿಲೊ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕಿಲೊ ಬೆಲ್ಲ, 2 ಕಿಲೊ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ನಾನೂ ಮಾಡುತ್ತೇನೆ. ಆದರೆ ಲೆಕ್ಕ ಹಾಕಿದರೆ ಇದರಲ್ಲಿರುವ ಸಾರಜನಕ ಕಾಲು ಕಿಲೊ ಆಸುಪಾಸು. ಇದೊಂದನ್ನೇ ಸುರಿದು ಬೆಳೆ ಬರುತ್ತದೆ ಎನ್ನುವವರ ಹೊಲದಲ್ಲಿ ಮುಚ್ಚಿಗೆ, ಹಸಿರೆಲೆ, ದ್ವಿದಳ ಬೆಳೆಗಳು ಇದ್ದೇ ಇರುತ್ತವೆ, ಕೆಲಸ ಮಾಡುತ್ತಿರುವುದು ಬಹುಪಾಲು ಅವೇ. ದೊಡ್ಡಬಳ್ಳಾಪುರದ ಸಾವಯವ ಕೃಷಿಕ ಎಲ್. ನಾರಾಯಣ ರೆಡ್ಡಿಯವರ ಹೆಸರು ಹೇಳಿ ಜೀವಾಮೃತವೊಂದನ್ನೇ ಮಾರುವವರೂ ಇದ್ದಾರೆ. ಕಳಿತ ಎಲೆ, ಮರ, ಹುಳುಗಳ ಮಹತ್ವವನ್ನು ಅವರು ಜೀವನಪೂರ್ತಿ ಹೇಳಿದ್ದು ಇಂಥವರಿಗೆ ನೆನಪಿರುವುದಿಲ್ಲ.

ಮಣ್ಣು ಪರೀಕ್ಷೆ, ಧಾರವಾಡ

ಪರಿಸರದ ಬಗ್ಗೆ ಎರಡು ಮಾತು. ಬೆಳೆ ಹೀರದೆ ಬಿಟ್ಟ ಯೂರಿಯಾ ಬೇರೆ ಬೇರೆ ದಾರಿ ಹಿಡಿಯುತ್ತದೆ. ಒಂದಿಷ್ಟು ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ಮಾನದಂಡವಿದೆ, ಮೀರಿದರೆ ಹಸುಗೂಸುಗಳ ರಕ್ತದಲ್ಲಿ ಆಮ್ಲಜನಕ ಒಯ್ಯುವ ಶಕ್ತಿ ಕುಗ್ಗುತ್ತದೆ. ಇನ್ನೊಂದಿಷ್ಟು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಏರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದರ ಬಿಸಿಯೇರಿಸುವ ಸಾಮರ್ಥ್ಯ ಇಂಗಾಲದ ಡೈಆಕ್ಸೈಡಿನ ಸುಮಾರು 273 ಪಟ್ಟು. ತಿಪ್ಪೆಗೊಬ್ಬರವನ್ನು ಅಕಾಲದಲ್ಲಿ ರಾಶಿ ಹಾಕಿದರೂ ಇದೇ ಆಗುತ್ತದೆ.

ಸ್ವಿಟ್ಜರ್ಲೆಂಡಿನಲ್ಲಿ 1978ರಿಂದ ಸಾವಯವ ಮತ್ತು ರಾಸಾಯನಿಕ ಪದ್ಧತಿಗಳನ್ನು ಅಕ್ಕಪಕ್ಕದ ತಾಕುಗಳಲ್ಲಿ ಹೋಲಿಸುತ್ತಿದ್ದಾರೆ. ಮೊದಲ 21 ವರ್ಷಗಳ ಫಲಿತಾಂಶದಲ್ಲಿ ಸಾವಯವದ ಇಳುವರಿ ಸರಾಸರಿ ಶೇ. 20 ಕಡಿಮೆ, ಆದರೆ ಗೊಬ್ಬರ ಮತ್ತು ಇಂಧನ ಶೇ. 34ರಿಂದ 53ರಷ್ಟು, ಕೀಟನಾಶಕ ಶೇ. 97ರಷ್ಟು ಕಡಿಮೆ ಸಾಕಾಯಿತು. ಎರೆಹುಳು, ಸೂಕ್ಷ್ಮಜೀವಿಗಳು ಹೆಚ್ಚಿದ್ದವು. ನನ್ನ ದೃಷ್ಟಿಯಲ್ಲಿ ಇದು ಪ್ರಾಮಾಣಿಕ ಚಿತ್ರ. ಇಳುವರಿಯ ನಷ್ಟವಿಲ್ಲ ಎನ್ನುವುದೂ, ಮಣ್ಣಿಗೆ ಲಾಭವಿಲ್ಲ ಎನ್ನುವುದೂ ಎರಡೂ ತಪ್ಪು.

ಪುತ್ತೂರಿನವರಿಗೆ ಒಂದು ಪ್ರಶ್ನೆ. ಅಡಿಕೆಯ ಕೊಳೆ ರೋಗಕ್ಕೆ ತಾವು ಹೊಡೆಯುವ ಬೋರ್ಡೊ ದ್ರಾವಣದ ತಾಮ್ರ ಮಣ್ಣಿನಲ್ಲೇ ಉಳಿಯುತ್ತದೆಯಲ್ಲ, ಅದನ್ನು ಯಾವ ಲೆಕ್ಕಕ್ಕೆ ಸೇರಿಸುತ್ತೀರಿ?

ಅಡಿಕೆ ತೋಟ, ಪುತ್ತೂರು

ನ್ಯಾಯವಾದ ಪ್ರಶ್ನೆ. 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ ಹಾಕಿ ತಯಾರಿಸುವ ಈ ದ್ರಾವಣವಿಲ್ಲದೆ ನಮ್ಮ ಮಳೆಗೆ ಅಡಿಕೆ ಉಳಿಸಿಕೊಂಡವರನ್ನು ನಾನು ಹೆಚ್ಚು ಕಂಡಿಲ್ಲ. ಮೈಲುತುತ್ತದಲ್ಲಿ ತಾಮ್ರ ಕಾಲು ಭಾಗ. ನನ್ನ ತೋಟದಲ್ಲಿ ಎಕರೆಗೆ ಒಂದು ಸುತ್ತಿಗೆ ಸುಮಾರು 250 ಲೀಟರ್ ಹೋಗುತ್ತದೆ. ಮಳೆಗಾಲಕ್ಕೆ ಎರಡು ಸುತ್ತಾದರೆ ಎಕರೆಗೆ ಒಂದೂಕಾಲು ಕಿಲೊ, ಹೆಕ್ಟೇರಿಗೆ ಮೂರು ಕಿಲೊಗಿಂತ ಸ್ವಲ್ಪ ಹೆಚ್ಚು ತಾಮ್ರ. ಯುರೋಪಿನ ಒಕ್ಕೂಟ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೊ, ಅಂದರೆ ವರ್ಷಕ್ಕೆ ಸರಾಸರಿ 4 ಕಿಲೊ ಎಂಬ ಮಿತಿ ಹಾಕಿದೆ. ನಾನು ಅದರ ಒಳಗಿದ್ದೇನೆ, ಮೂರನೆಯ ಸುತ್ತು ಹೊಡೆದ ವರ್ಷ ಮೀರುತ್ತೇನೆ. ಸಾವಯವ ಪ್ರಮಾಣಪತ್ರದ ನಿಯಮಗಳು ಬೋರ್ಡೊವನ್ನು ನಿರ್ಬಂಧದೊಡನೆ ಒಪ್ಪುತ್ತವೆ ಎಂಬ ಕಾರಣಕ್ಕೆ ಅದು ಅಮೃತವಾಗುವುದಿಲ್ಲ. ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವುದು ಒಂದು ದಾರಿ, ಆದರೆ ಮರ ಹತ್ತುವವರ ಕೊರತೆಯಲ್ಲಿ ಅದೂ ದುಬಾರಿ, ಪ್ಲಾಸ್ಟಿಕ್ಕೂ ತೋಟದಲ್ಲೇ ಉಳಿಯುತ್ತದೆ.

ಬಸವನಗುಡಿ ಓದುಗಿ

ಎಲ್ಲರಿಗೂ ಧನ್ಯವಾದ. ಹಾಗಾದರೆ ಕೊಳ್ಳುವಾಗ ನಂಬಬೇಕಾದದ್ದು ಯಾವುದನ್ನು? ಪೊಟ್ಟಣದ ಮೇಲೆ ‘ನೈಸರ್ಗಿಕ’, ‘ಶುದ್ಧ’, ‘ಹಳ್ಳಿಯ’ ಎಂದೆಲ್ಲ ಇರುತ್ತದೆ.

ಅಕ್ಕಡಿ ಸಾಲು, ತುಮಕೂರು

ಅಕ್ಕಾ, ಆ ಮೂರು ಪದಗಳಿಗೆ ಕಾನೂನಿನಲ್ಲಿ ಸಾವಯವದ ಅರ್ಥವಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮಗಳ ಪ್ರಕಾರ ಸಾವಯವ ಎಂದು ಪೊಟ್ಟಣ ಕಟ್ಟಿ ಮಾರುವುದಕ್ಕೆ ಎರಡರಲ್ಲಿ ಒಂದು ಪ್ರಮಾಣಪತ್ರ ಬೇಕು. ಒಂದು, ರಫ್ತಿಗೂ ನಡೆಯುವ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ. ಇನ್ನೊಂದು, ಊರಿನ ರೈತರ ಗುಂಪೇ ಪರಸ್ಪರರ ಹೊಲ ಪರಿಶೀಲಿಸುವ ಪಿಜಿಎಸ್ ಪದ್ಧತಿ. ಪೊಟ್ಟಣದ ಮೇಲೆ ಈ ಪ್ರಮಾಣಪತ್ರದ ಅಧಿಕೃತ ಗುರುತನ್ನು ಹುಡುಕಿ. ಮೊದಲ ಪದ್ಧತಿಯಲ್ಲಿ ವಾರ್ಷಿಕ ಬೆಳೆಗಳಿಗೆ ಎರಡು ವರ್ಷ, ಬಹುವಾರ್ಷಿಕ ಬೆಳೆಗಳಿಗೆ ಮೂರು ವರ್ಷ ಪರಿವರ್ತನೆಯ ಅವಧಿ. ಆ ಅವಧಿಯಲ್ಲಿ ಖರ್ಚು ಸಾವಯವದ್ದು, ಬೆಲೆ ಮಾಮೂಲಿನದು. ರೈತರು ಅರ್ಧದಲ್ಲಿ ಕೈಬಿಡುವುದು ಇಲ್ಲೇ. ಕರ್ನಾಟಕ 2004ರಲ್ಲೇ ಸಾವಯವ ನೀತಿ ತಂದ ರಾಜ್ಯ, ಆದರೂ ಈ ಎರಡು ಮೂರು ವರ್ಷ ದಾಟಿಸುವ ಭರವಸೆಯ ಏರ್ಪಾಡು ಇನ್ನೂ ಗಟ್ಟಿಯಾಗಿಲ್ಲ ಎಂಬುದು ನನ್ನ ದೂರು.

ಸಂತೆಯಲ್ಲಿ ರೈತರಿಂದ ನೇರವಾಗಿ ಕೊಳ್ಳುವುದಾದರೆ ಪ್ರಮಾಣಪತ್ರ ಕೇಳುವ ಬದಲು ಬದನೆಯ ಕಾಯಿಕೊರಕಕ್ಕೆ ಏನು ಮಾಡುತ್ತೀರಿ ಎಂದು ಕೇಳಿ. ಬಾಡಿದ ಕುಡಿಯನ್ನು ಚಿವುಟಿ ಸುಡುತ್ತೇವೆ, ಮೋಹಕ ಬಲೆ ಇಡುತ್ತೇವೆ, ಬೇವಿನ ಕಷಾಯ ಹೊಡೆಯುತ್ತೇವೆ, ಆದರೂ ಕಾಲು ಭಾಗ ಹುಳುಕಾಗುತ್ತದೆ ಎಂದು ಉತ್ತರಿಸಿದವರಿಂದ ಕೊಳ್ಳಿ. ನಮ್ಮಲ್ಲಿ ಹುಳುವೇ ಬರುವುದಿಲ್ಲ ಎಂದವರನ್ನು ದಾಟಿ ಮುಂದೆ ಹೋಗಿ.

ಅಚ್ಚುಕಟ್ಟು ರೈತ, ಸಿಂಧನೂರು

ಧಾರವಾಡದ ಸಾಹೇಬರಲ್ಲಿ ಒಂದು ವಿಚಾರ. ಪೂರ್ತಿ ಸಾವಯವ ನಮ್ಮಿಂದಾಗದು, ಆದರೆ ಯೂರಿಯಾ ಒಂದು ಚೀಲವಾದರೂ ಇಳಿಸಬೇಕೆಂದಿದ್ದೇನೆ. ಹಸಿರೆಲೆ ಗೊಬ್ಬರದ ಬೆಳೆಯಾದ ಡಯಾಂಚ ಹಾಕಿದರೆ ಆಗುತ್ತದೆಯೇ? ಕಾಲುವೆಗೆ ನೀರು ಬಿಡುವುದು ಸಾಮಾನ್ಯವಾಗಿ ಜುಲೈನಲ್ಲಿ, ಅದಕ್ಕೂ ಮುಂಚೆ ಬಿತ್ತಲು ನೀರಿರುವುದಿಲ್ಲ.

ಮಣ್ಣು ಪರೀಕ್ಷೆ, ಧಾರವಾಡ

ಆಗುತ್ತದೆ, ಸರ್. ಮೇ ಕೊನೆ ಅಥವಾ ಜೂನ್ ಮೊದಲ ವಾರದ ಹದ ಮಳೆಗೆ ಎಕರೆಗೆ 10ರಿಂದ 12 ಕಿಲೊ ಬೀಜ ಚೆಲ್ಲಿ. ಮೊಳಕೆಯೊಡೆದ ಮೇಲೆ ಅದು ಒಂದಿಷ್ಟು ಬರವನ್ನೂ ತಡೆಯುತ್ತದೆ, ಚೌಳು ಭೂಮಿಯನ್ನೂ ಸಹಿಸುತ್ತದೆ. ಸುಮಾರು 45 ದಿನಕ್ಕೆ, ಹೂ ಕಾಣಿಸುವ ಹೊತ್ತಿಗೆ, ಕಾಲುವೆಯ ನೀರು ಬಂದ ಕೂಡಲೇ ರೊಟವೇಟರ್ ಹೊಡೆದು ಕೆಸರಿಗೆ ಸೇರಿಸಿ, ಒಂದು ವಾರ ಕೊಳೆಯಲು ಬಿಟ್ಟು ನಾಟಿ ಮಾಡಿ. ಹೂ ದಾಟಿದರೆ ಕಾಂಡ ಕಟ್ಟಿಗೆಯಾಗಿ ಕೊಳೆಯುವುದಿಲ್ಲ. ಮೊದಲ ವರ್ಷ ಒಂದು ಎಕರೆಯಲ್ಲಿ ಮಾತ್ರ ಮಾಡಿ, ಪಕ್ಕದ ಎಕರೆಯನ್ನು ಎಂದಿನಂತೆ ಬಿಡಿ. ಡಯಾಂಚ ಹಾಕಿದ ತಾಕಿಗೆ ಎರಡನೆಯ ಮೇಲುಗೊಬ್ಬರ ಕೊಡುವ ಮುನ್ನ ಎಲೆಯ ಬಣ್ಣ ನೋಡಿ. ಪೈರು ಕಡು ಹಸಿರಾಗಿದ್ದರೆ ಆ ಚೀಲವನ್ನು ಬಿಚ್ಚುವ ಅಗತ್ಯವಿಲ್ಲ. ಹೆಚ್ಚು ಸಾರಜನಕಕ್ಕೆ ಬರುವ ಕಂದು ಜಿಗಿಹುಳುವಿನ ಒಂದು ಸಿಂಪಡಣೆಯೂ ಉಳಿಯುವ ಸಂಭವವಿದೆ.